ಗುರುಸಿದ್ದವ್ವನ ಮುಂಗಡ ಮಣ್ಣು

"ಇವತ್ತಿನಿಂದ ಈ ಮಲ್ಲಾರಿ ಯಾವ ಕೆಲಸಕ್ಕೂ ‘ಆಗೂದಿಲ್ಲ’ ಅನ್ನೂದಿಲ್ಲ!"

ಗಡಹಿಂಗ್ಲಜಿನ ಬಾಡಿಗೆ ಖೋಲಿಯ ನೆತ್ತಿಗೆ ‘ಮಲ್ಲಾರಿ ವಿಡಿಯೋ ಸ್ಟುಡಿಯೋ’ ಎಂಬ ಬೋರ್ಡು ಹಾಕಿ, ಕೊನೆಯ ಮೊಳೆ ಹೊಡೆದು, ಸ್ಟೂಲಿನ ಮೇಲೆ ನಿಂತೇ ನಾನು ಹೀಗೆ ಘೋಷಿಸಿದಾಗ ಎದುರಿಗಿದ್ದ ಸಭಿಕರು ಇಬ್ಬರು. ಒಬ್ಬಳು ನನ್ನ ಹೆಂಡತಿ ಶಾಲನ. ಇನ್ನೊಂದು ಪಕ್ಕದ ಚಹಾದಂಗಡಿಯ ಆಡು. ಆಡಾದರೂ ತಲೆಯಾಡಿಸಿತು.

ಎಂಬತ್ತಾರನೇ ಇಸವಿಯ ಮಾತು. ಹನ್ನೊಂದು ವರ್ಷ ಇಚಲಕರಂಜಿಯ ಒಂದು ಫೋಟೋ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಕಂಡವರ ಮದುವೆಗಳನ್ನು ತೊಳೆದು ಒಣಹಾಕಿದವನು ನಾನು. ಈಗ ಸ್ವತಂತ್ರ! ಮುಂಬೈಯಿಂದ ವಿಡಿಯೋ ಕ್ಯಾಮೆರಾ ಬಂದಿತ್ತು. ಅದರ ಭಾರಕ್ಕೆ ನಾನು ಬಲಕ್ಕೆ ವಾಲುತ್ತಿದ್ದೆ ನಿಜ, ಆದರೆ ಆ ವಾಲುವುದರಲ್ಲೂ ಒಂದು ಗತ್ತಿತ್ತು. ನಮ್ಮದು ಕುರಿ ಕಾಯುವ ಮನೆತನ. ನಮ್ಮಪ್ಪನ ಹೆಗಲ ಮೇಲೆ ಕುರಿಮರಿ ಇರುತ್ತಿತ್ತು, ನನ್ನ ಹೆಗಲ ಮೇಲೆ ಇಡೀ ಜಪಾನ್ ಕುಳಿತಿತ್ತು!

ಶಾಲನ ಕೊಲ್ಹಾಪುರದವಳು. ಸಿಟ್ಟು ಬಂದರೆ ಮರಾಠಿ, ತೀರಾ ಸಿಟ್ಟು ಬಂದರೆ ಕನ್ನಡ. ಅವತ್ತು ಕನ್ನಡದಲ್ಲೇ ಶುರು ಮಾಡಿದಳು.

"ಅಹೋ, ಎಲ್ಲಾ ಕೆಲಸ ಅಂದ್ರ ಯಾವ್ಯಾವು?"

"ಎಲ್ಲಾ ಅಂದ್ರ ಎಲ್ಲಾ! ಕೂಸಿಗೆ ಹೆಸರಿಡೂ ಬಾರಸೆ, ಲಗ್ನ, ಅಂಗಡಿ ಪೂಜಾ..."

"ಮಣ್ಣು?"

ನಮ್ಮ ಕಡೆ ಮಣ್ಣು ಎಂದರೆ ಸತ್ತವರನ್ನು ಕಳಿಸಿಕೊಡುವ ಕಾರ್ಯ.

"ಅದೂ! ಮೊನ್ನೆ ನಮ್ಮ ಓಣಿ ಗಂಗುಬಾಯಿದು ತಗದಿಲ್ಲೇನು?"

"ತಗದ್ರಿ. ಆಮ್ಯಾಲ ಮೂರು ದಿವಸ ಲೈಟ್ ಹಚ್ಚಿ ಮಲಗಿದ್ರಿ."

"ಅದು ಟೇಪ್ ಹುಡುಕೂ ಸಲುವಾಗಿ!"

"ಕಣ್ಣು ಮುಚ್ಚಿಕೊಂಡು?"

ಇದಕ್ಕೆ ತಕ್ಕ ಉತ್ತರ ನನ್ನಲ್ಲಿತ್ತು. ಅಷ್ಟರಲ್ಲಿ ಬಸವಣ್ಣೆಪ್ಪ ಸಾವಕಾರರು ಬಂದುಬಿಟ್ಟರು. ಬೆಲ್ಲದ ವ್ಯಾಪಾರಿ, ಅರವತ್ತರ ಆಸುಪಾಸು. ‘ನಮಸ್ಕಾರ’ ಎಂದರೂ ಹರಾಜಿನ ಸವಾಲು ಕೂಗಿದಂತೆ ಕೇಳುವ ಗಂಟಲು. ಅಂಥವರು ಅವತ್ತು ಪಿಸುಗುಟ್ಟಿದರು.

"ಮಲ್ಲಾರಿ, ಬಾಗಲಾ ಮುಂದ ಮಾಡು. ನಮ್ಮವ್ವನ ಮಣ್ಣಿನ ವಿಡಿಯೋ ತಗೀಬೇಕು."

ನಾನು ತಕ್ಷಣ ಮುಖದಲ್ಲಿ ದುಃಖ ತಂದುಕೊಂಡೆ. ನಮ್ಮ ಧಂದೆಯಲ್ಲಿ ಮೊದಲು ಕಲಿಯಬೇಕಾದದ್ದು ಅದೇ. "ಅಯ್ಯಯ್ಯ! ಆಯಿ ಯಾವಾಗ ತೀರಿಕೊಂಡ್ರು ಸಾವಕಾರ್ರ?"

"ತೀರಿಕೊಂಡಿಲ್ಲ. ಹೊರಗ ಟಾಂಗಾದಾಗ ಕುಂತಾಳ."

ಕಿಟಕಿಯಿಂದ ಇಣುಕಿದೆ. ಟಾಂಗಾದಲ್ಲಿ ಎಂಬತ್ತನಾಲ್ಕು ವರ್ಷದ ಗುರುಸಿದ್ದವ್ವ ನೆಟ್ಟಗೆ ಕುಳಿತು, ರೆಪ್ಪೆ ಹೊಡೆಯದೆ, ನನ್ನ ಹೊಸ ಬೋರ್ಡನ್ನು ನೋಡುತ್ತಿದ್ದಳು. ಕುದುರೆ ಬಾಲ ಬೀಸುತ್ತಿತ್ತು. ಆಯಿ ಮಾತ್ರ ಅಲ್ಲಾಡುತ್ತಿರಲಿಲ್ಲ. ನನಗೆ ಯಾಕೋ ನೀರಡಿಕೆಯಾಯಿತು.

"ಗಂಗುಬಾಯಿ ಮಣ್ಣು ನೀ ಟೀವಿಯೊಳಗ ತೋರಿಸಿದೆಲ್ಲ, ಅವತ್ತಿಂದ ಹಟ ಹಿಡದಾಳ," ಎಂದರು ಸಾವಕಾರರು. "‘ಊರ ಮಂದಿ ಎಲ್ಲಾ ನೋಡಿದ್ರು, ಪಾಪ ಗಂಗೂ ಒಬ್ಬಾಕಿ ನೋಡಲಿಲ್ಲ. ನಂದು ನಾ ನೋಡಾಕಬೇಕು’ ಅಂತಾಳ. ಎರಡು ದಿವಸ ಆತು, ಅನ್ನಾ ಮುಟ್ಟಿಲ್ಲ. ಏನ ಮಾಡ್ಲಿ ಹೇಳು?"

ಹೊರಗೆ ಹೋದೆ. ಆಯಿ ಬಾಗಿದ ಬೆರಳಿನಿಂದ ಹತ್ತಿರ ಕರೆದಳು. ಮಗನಿಗೆ ಕೇಳದಂತೆ ನನ್ನ ಕಿವಿಯಲ್ಲಿ ಹೇಳಿದಳು.

"ತಮ್ಮಾ, ಮಂದಿ ಏನರ ಮಾಡ್ಲಿ, ಅದರ ಚಿಂತಿ ನನಗಿಲ್ಲ. ನಮ್ಮ ಸೊಸಿ ಹಾಲವ್ವ ಅದಾಳಲ್ಲ, ಮೂವತ್ತಾರು ವರ್ಷ ಆತು, ಒಂದು ದಿವಸ ನಾವು ಜಗಳಾಡೂದು ಬಿಟ್ಟಿಲ್ಲ. ನಾ ಹೋದ್ರ ಆಕಿ ಅಳತಾಳೋ ಇಲ್ಲೋ? ಅದೊಂದು ನನಗ ನೋಡಬೇಕಾಗೇತಿ. ಕ್ಯಾಮೆರಾ ಆಕಿ ಮಾರಿ ಮ್ಯಾಲ ಇಡು."

"ಅಳಲಿಲ್ಲಾಂದ್ರ, ಆಯಿ?"

 ಆಯಿ ಮುಖ ತಿರುಗಿಸಿ ಕುದುರೆಯ ಬಾಲವನ್ನೇ ನೋಡತೊಡಗಿದಳು. ಆಗ ಮಾತ್ರ ನನಗೆ ನಗು ಬರಲಿಲ್ಲ. "ಆಗಲಿ" ಎಂದುಬಿಟ್ಟೆ.

ಶಾಲನ ಆಕಾಶ ಭೂಮಿ ಒಂದು ಮಾಡಿದಳು. "ಅಗ ಬಾಯಿ! ಜೀವಂತ ಇದ್ದವರ ಮಣ್ಣು ತಗೀತೀರಿ? ಯಮಗ ಮನಿ ಪತ್ತೆ ಬರದು ಕೊಟ್ಟಂಗಲ್ಲೇನು?"

"ನನಗ ಅಂಜಿಕಿ ಅನ್ನೂದ ಗೊತ್ತಿಲ್ಲ. ನೀ ಬಂದು ಲೈಟ್ ಹಿಡಿ ಸಾಕು."

"ಲೈಟ್ ನಾ ಹಿಡೀತೀನಿ. ನಿಮ್ಮನ್ನ ಯಾರು ಹಿಡೀಬೇಕು?"

ಊರಿಗೆ ಸುದ್ದಿಯಾಗಬಾರದೆಂದು ಹಿರಣ್ಯಕೇಶಿ ಹೊಳೆಯ ದಂಡೆಯಲ್ಲಿದ್ದ ಸಾವಕಾರರ ತೋಟದ ಮನೆ ಗೊತ್ತುಮಾಡಿದರು. ಅವತ್ತೇ ಮಧ್ಯಾಹ್ನ ಹೋದೆವು. ಸುತ್ತ ಎರಡಾಳೆತ್ತರದ ಕಬ್ಬು. ಗಾಳಿ ಇಲ್ಲದಿದ್ದರೂ ಒಳಗೆ ಯಾರೋ ನಡೆದಾಡಿದ ಹಾಗೆ ಸರಸರ ಸಪ್ಪಳ. ನಾನು ಎರಡು ಸಲ ಕೆಮ್ಮಿದೆ. ಒಳಗಿಂದ ಯಾರೂ ಕೆಮ್ಮಲಿಲ್ಲ.

ಲಿಂಗಾಯತರಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ, ತಲೆ ವಾಲದಂತೆ ಹಿಂದಕ್ಕೊಂದು ಬಟ್ಟೆಯ ಕಟ್ಟು, ಎದುರಿಗೆ ಭಜನೆ. ಪಡಸಾಲೆಯ ತೋಳಿನ ಖುರ್ಚಿಯಲ್ಲಿ ಆಯಿಯನ್ನು ಹಾಗೆಯೇ ಕೂರಿಸಿದ್ದರು. ಅಲ್ಲೇ ಬಂತು ಫಜೀತಿ! ಮಲಗಿದ್ದರೆ ‘ನಿದ್ದೆ’ ಎಂದು ಸಮಾಧಾನ ಮಾಡಿಕೊಳ್ಳಬಹುದು. ಹೀಗೆ ಕೂತರೆ ಸತ್ತವರಿಗೂ ಬದುಕಿದವರಿಗೂ ಏನು ವ್ಯತ್ಯಾಸ? ಭಜನೆಗೆ ಬಂದಿದ್ದ ಅಲ್ಲಪ್ಪಜ್ಜನಿಗೆ ಕಿವಿ ಮಂದ. ಇದು ಸುಳ್ಳು ಮಣ್ಣು ಎಂದು ಮೂರು ಸಲ ಕೂಗಿ ಹೇಳಿದ್ದರು. ಅವನು ಮೂರು ಸಲವೂ ಕಣ್ಣೊರೆಸಿಕೊಂಡು, "ಭಾಳ ಚಲೋ ಹೆಣಮಗಳು ಇದ್ಲು" ಎಂದಿದ್ದ.

ಈಗ ನನ್ನ ಕ್ಯಾಮೆರಾದ ಗುಟ್ಟೊಂದು ಹೇಳಬೇಕು. ಹಿಡಿಕೆಯಲ್ಲಿ ಒಂದೇ ಗುಂಡಿ. ಒಮ್ಮೆ ಒತ್ತಿದರೆ ಚಾಲೂ, ಮತ್ತೊಮ್ಮೆ ಒತ್ತಿದರೆ ಬಂದ್. ಚಾಲೂ ಇದ್ದಾಗ, ಕಣ್ಣಿಡುವ ತೂತಿನೊಳಗೆ ಒಂದು ಕೆಂಪು ಚುಕ್ಕೆ ಉರಿಯುತ್ತದೆ. ಚುಕ್ಕೆ ಕಾಣಬೇಕಾದರೆ ಕಣ್ಣು ತೆರೆದಿರಬೇಕು. ಈ ಕೊನೆಯ ನಿಯಮವನ್ನು ಜಪಾನಿನವರು ಪುಸ್ತಕದಲ್ಲಿ ಬರೆದಿರಲಿಲ್ಲ!

"ಆಯಿ, ಕಣ್ಣು ಮುಚ್ರಿ. ಉಸರು ಸಣ್ಣಗ ಬಿಡ್ರಿ. ರೆಡಿ!"

ಗುಂಡಿ ಒತ್ತಿದೆ. ತೂತಿನೊಳಗೆ ಎಲ್ಲವೂ ಕಪ್ಪು ಬಿಳುಪು. ಹಳದಿ ಹಾರ ಬೂದಿ, ಆಯಿಯ ಮುಖವೂ ಬೂದಿ. ನಾನು ಆ ಮುಖದ ತೀರ ಹತ್ತಿರ ಹೋದೆ. ಆಗ, ಉಳಿದದ್ದೇನೂ ಅಲ್ಲಾಡದೆ, ಒಂದು ಕಣ್ಣು ಮಾತ್ರ ನಿಧಾನವಾಗಿ ತೆರೆಯಿತು. ನೇರ ನನ್ನನ್ನೇ ನೋಡಿತು.

"ಹಾಲವ್ವ ಎಲ್ಲಿ?"

ನಾನು ಒಂದು ಹೆಜ್ಜೆ ಹಿಂದಕ್ಕೆ ಹಾರಿದೆ. ಬೆರಳು ತನ್ನಷ್ಟಕ್ಕೆ ತಾನೇ ಗುಂಡಿಯನ್ನು ಇನ್ನೊಮ್ಮೆ ಒತ್ತಿತು. ಅದು ನನಗೆ ಗೊತ್ತಾಗಲಿಲ್ಲ. ಯಾಕೆಂದರೆ ಆ ಹೊತ್ತಿಗೆ ನಾನು ಎರಡೂ ಕಣ್ಣು ಮುಚ್ಚಿದ್ದೆ. ನಿಮ್ಮ ಮುಂದೆ ಮುಚ್ಚುಮರೆ ಯಾಕೆ, ಮುಂದಿನ ಚಿತ್ರೀಕರಣವನ್ನೆಲ್ಲ ಹೆಚ್ಚು ಕಡಿಮೆ ಹಾಗೆಯೇ ಮಾಡಿದೆ. ಶಾಲನ ನನ್ನ ಹೆಗಲು ಹಿಡಿದು ತಿರುಗಿಸಿದ ಕಡೆಗೆ ತಿರುಗುತ್ತಿದ್ದೆ.

ಹಾಲವ್ವ ಖುರ್ಚಿಯ ಪಕ್ಕದಲ್ಲಿ ಒಣ ಮುಖ ಮಾಡಿ ಕುಳಿತಿದ್ದಳು.

"ಹಾಲವ್ವಕ್ಕಾ, ಅಳ್ರಿ!" ಎಂದೆ.

"ಅಳು ಬರವಲ್ದು. ಈಗ ಎದ್ದು ಮಜ್ಜಗಿಗೆ ಉಪ್ಪು ಕಡಿಮಿ ಅಂತಾರ. ಅಂಥವರ ಮುಂದ ಹ್ಯಾಂಗ ಅಳೂದ್ರಿ?"

"ನಿನ್ನಿ ಕಡಿಮಿನ ಇತ್ತು," ಎಂದಿತು ಹೆಣ. ತುಟಿ ಅಲ್ಲಾಡಲಿಲ್ಲ, ಮಾತು ಮಾತ್ರ ಬಂತು.

"ಎರಡು ದಿವಸ ಉಪಾಸ ಇದ್ದವರಿಗೆ ನಿನ್ನಿ ಮಜ್ಜಗಿ ರುಚಿ ಹ್ಯಾಂಗ ಗೊತ್ತು?"

"ವಾಸನಿ ಮ್ಯಾಲ ಗೊತ್ತಾಗತೈತಿ!"

ಭಜನೆ ನಿಂತಿತು.  ನಾನು ಸೋತು ಗುಂಡಿ ಒತ್ತಿ, ಕ್ಯಾಮೆರಾ ಕೆಳಗಿಳಿಸಿ, ಶಾಲನಳನ್ನು ಮೂಲೆಗೆ ಕರೆದು ಒಂದೆರಡು ಖಾಸಗಿ ಮಾತಾಡಿದೆ. ಆ ಮಾತು ಏನೆಂಬುದು ಮುಂದೆ ಜಗಜ್ಜಾಹೀರಾಯಿತು. ಅಷ್ಟರಲ್ಲಿ ಸಾವಕಾರರು ಹೆಂಡತಿಯ ಕೈಗೆ ಹೆಚ್ಚಿದ ಉಳ್ಳಾಗಡ್ಡಿ ಕೊಡಲು ಹೋದರು. ಹಾಲವ್ವ ಅದನ್ನು ಕಬ್ಬಿನೊಳಗೆ ಒಗೆದಳು.

"ನಮ್ಮತ್ತಿ ಸಲುವಾಗಿ ಅಳೂದಿದ್ರ ನನ್ನ ಕಣ್ಣೀರ ಅಳತೇನಿ, ಉಳ್ಳಾಗಡ್ಡಿದಲ್ಲ!"

ಅದೇ ವೇಳೆಗೆ ಕಬ್ಬಿನೊಳಗಿಂದ ಒಂದು ಕೂಗು ಎದ್ದಿತು. ನನ್ನ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ಕೂಗು ಹತ್ತಿರ ಹತ್ತಿರ ಬಂದು, ಕಬ್ಬು ಎರಡು ಪಾಲಾಗಿ, ನಾಗೂಬಾಯಿ ಹೊರಬಿದ್ದಳು. ಪಕ್ಕದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವಳು, ಆಯಿಯ ಹಳೇ ಗೆಳತಿ. ಭಜನೆ ಕೇಳಿ ಓಡಿ ಬಂದಿದ್ದಳು. ಅವಳ ಬೆನ್ನಿಗೆ ನಲವತ್ತು ಕುರಿ!

"ಗುರುಸಿದ್ದಕ್ಕಾ! ಒಂದು ಮಾತು ಹೇಳದಂಗ ಹೋದೇನ ನನ್ನವ್ವಾ!" ಎಂದು ಎದೆ ಬಡಿದುಕೊಂಡು ಕಾಲ ಮೇಲೆ ಬಿದ್ದಳು. ನಿಜವಾದ ಅಳು! ಉಳ್ಳಾಗಡ್ಡಿ ಇಲ್ಲದ ಅಳು! ನಾನು ಗುಂಡಿ ಒತ್ತಿದೆ. ‘ತಡಿ, ಸುಳ್ಳು ಮಣ್ಣು’ ಎಂದು ಹೇಳಹೊರಟ ಸಾವಕಾರರಿಗೆ ಸುಮ್ಮನಿರಲು ಸನ್ನೆ ಮಾಡಿದೆ. ಕಲಾವಿದರು ಕ್ರೂರಿಗಳು ಎನ್ನುವುದು ಸುಳ್ಳಲ್ಲ.

"ಅಕ್ಕಾ, ಸತ್ತವರ ಮುಂದ ಸುಳ್ಳು ಹೇಳಬಾರದು. ನಿಮ್ಮ ಹಿತ್ತಲ ನುಗ್ಗಿಕಾಯಿ ಮಂಗ್ಯಾ ಒಯ್ದಿಲ್ಲ. ವರ್ಷಾ ವರ್ಷಾ ನಾನ ಹರಕೊಂಡು ಹೋಗೇನಿ!"

"ನನಗ ಗೊತ್ತಿತ್ತು ಬಿಡ. ಕಾಲ ಮ್ಯಾಲಿಂದ ಏಳು, ಜೋಮು ಹಿಡದೈತಿ."

ನಾಗೂಬಾಯಿ ಎತ್ತಿದ ಮುಖ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಅವಳು ಕಿರುಚಿದಳು. ಅವಳ ಕಿರುಚಾಟಕ್ಕೆ ಶಾಲನ ಕಿರುಚಿದಳು. ಇಬ್ಬರಿಗಿಂತ ಎತ್ತರದ ದನಿಯಲ್ಲಿ ಇನ್ನೊಬ್ಬರು ಕಿರುಚಿದರು, ಅದು ನಾನು. ಕುರಿಗಳು ಪಡಸಾಲೆಗೆ ನುಗ್ಗಿದವು. ಒಂದು ಕುರಿ ಆಯಿಯ ಹಾರ ತಿನ್ನತೊಡಗಿತು. ಇಷ್ಟೆಲ್ಲ ಆಗುವಾಗ ಅಲ್ಲಪ್ಪಜ್ಜ ಒಬ್ಬನೇ ತಾಳ ತಪ್ಪದೆ ಹಾಡುತ್ತಿದ್ದ.

ಗುಂಡಿ ಒತ್ತಿ, ಕ್ಯಾಮೆರಾವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಗಂಡಸರು ಕುರಿ ಹೊರಗಟ್ಟಲು ಹೋದರು. ಶಾಲನ ಆಯಿಯ ಕಟ್ಟು ಬಿಚ್ಚಿ ಹಿತ್ತಲಿಗೆ ಕರೆದೊಯ್ದಳು. ನಾಗೂಬಾಯಿಗೆ ನೀರು ಕುಡಿಸಿದರು. ನಾನು ಅಂಗಳದಲ್ಲಿ ಚಹಾ ಕುಡಿದೆ. ಕಪ್ಪಿನೊಳಗಿಂದ ಅರ್ಧ ಚಹಾ ಬಸಿಗೆ, ಅರ್ಧ ಅಂಗಿಗೆ ಹೋಯಿತು.

ಮತ್ತೆ ಎಲ್ಲರೂ ಒಳಗೆ ಬರುವಾಗ ಹೊತ್ತು ಇಳಿದಿತ್ತು. ಆಯಿಯನ್ನು ಪುನಃ ಕೂರಿಸಿ ಕಟ್ಟು ಹಾಕಿದರು. ಗುಂಡಿ ಒತ್ತಿದೆ. ಈ ಸಲ ಆಯಿ ಮಾತಾಡಲಿಲ್ಲ. ಜಗಳವಾಡಲಿಲ್ಲ. ಭಜನೆ ಒಂದು ಮುಗಿಯಿತು, ಎರಡು ಮುಗಿಯಿತು. ಕಬ್ಬಿನ ಸಪ್ಪಳವೂ ನಿಂತಿತ್ತು.

"ಅಹೋ," ಎಂದು ಶಾಲನ ನನ್ನ ಕಿವಿಯಲ್ಲಿ ಉಸುರಿದಳು. "ನೊಣಾ."

"ಏನಾತು ನೊಣಕ್ಕ?"

"ಆಯಿ ಮೂಗಿನ ಮ್ಯಾಲ ಕುಂತೈತಿ. ಆಗಿಂದ ಕುಂತೈತಿ. ಆಯಿ ಹಂದವಲ್ರು."

ಒಂದು ಕಣ್ಣು ತೆರೆದು ನೋಡಿದೆ. ನೊಣ ಮೂಗಿನಿಂದ ರೆಪ್ಪೆಗೆ ಬಂತು. ರೆಪ್ಪೆ ಮಿಸುಕಲಿಲ್ಲ. ಶಾಲನಳ ಕೈ ನಡುಗಿದಂತೆಲ್ಲ ಗೋಡೆಯ ಮೇಲೆ ಆಯಿಯ ನೆರಳು ಏಳುತ್ತಿತ್ತು, ಕೂರುತ್ತಿತ್ತು. ಖುರ್ಚಿಯಲ್ಲಿದ್ದ ಆಯಿ ಮಾತ್ರ ಏಳುತ್ತಿರಲಿಲ್ಲ. ನಾನು ಕಣ್ಣು ಮುಚ್ಚಿ, ಮನೆದೇವರಿಂದ ಹಿಡಿದು ನೆನಪಿದ್ದ ದೇವರನ್ನೆಲ್ಲ ಕರೆದೆ.

"ಅವ್ವಾ?" ಎಂದರು ಸಾವಕಾರರು. "ಅವ್ವಾ! ಸಾಕು, ಏಳು."

ತಾಳ ನಿಂತಿತು. ಅಲ್ಲಪ್ಪಜ್ಜ, "ಈಗ ಹ್ಯಾಂಗ ಏಳತಾರಪಾ?" ಎಂದು ಸಾವಕಾರರನ್ನೇ ಸಮಾಧಾನ ಮಾಡಿದ. ಸಾವಕಾರರು ಕುಸಿದು ಕುಳಿತರು. ಯಮನಿಗೆ ಪತ್ತೆ ಬರೆದುಕೊಟ್ಟವನು ನಾನೇ ಎಂದುಕೊಂಡು ಶಾಲನಳ ಹಿಂದೆ ಸರಿದೆ.

ಹಾಲವ್ವ ಎದ್ದು ಬಂದಳು. ನೊಣ ಓಡಿಸಿದಳು. ಅತ್ತೆಯ ಮುಖದ ಹತ್ತಿರ ಬಾಗಿ, ದಿನವೂ ಕೇಳುವ ದನಿಯಲ್ಲೇ ಕೇಳಿದಳು.

"ಅತ್ತಿ, ಮಜ್ಜಗಿಗೆ ಉಪ್ಪು ಹಾಕಲೋ, ಬ್ಯಾಡೋ?"

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಎಲ್ಲೋ ದೂರದಿಂದ ಬಂದ ಹಾಗೆ, "ಹಾಕು. ಅದನ್ನೂ ಕೇಳಬೇಕೇನ?"

ಎರಡು ದಿನದ ಉಪವಾಸಕ್ಕೆ ಆಯಿಗೆ ಗಾಢ ನಿದ್ದೆ ಹತ್ತಿತ್ತು! ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ನಾನು ಗುಂಡಿ ಒತ್ತಿ, ಕ್ಯಾಮೆರಾ ತಬ್ಬಿಕೊಂಡು, ಅಲ್ಲೇ ನೆಲದ ಮೇಲೆ ಕುಳಿತೆ. ಆದರೆ ನೆನಪಿಡಿ, ಹಾಲವ್ವ ಅತ್ತಿರಲಿಲ್ಲ. ಆಯಿ ಟಾಂಗಾ ಹತ್ತುವಾಗ ನನ್ನನ್ನು ಕೇಳಿದ್ದೂ ಅದನ್ನೇ. "ಅತ್ಲೇನು?" ನಾನು ತಲೆ ತಗ್ಗಿಸಿದೆ. ಅವಳು ಟಾಂಗಾ ಹೊಡೆಯಲು ಹೇಳಿದಳು.

ಮರುದಿನ ಸಂಜೆ ಸಾವಕಾರರ ಮನೆಯಲ್ಲಿ ಪ್ರದರ್ಶನ. ಟೀವಿಯ ಎದುರಿಗೇ ಆಯಿ. ಹಿಂದೆ ಸಾವಕಾರರು, ಅಲ್ಲಪ್ಪಜ್ಜ, ಕೋಲು ಹಿಡಿದ ನಾಗೂಬಾಯಿ. ಅಡುಗೆಮನೆ ಬಾಗಿಲಲ್ಲಿ ಹಾಲವ್ವ. ನಾನು ಎದ್ದು ನಿಂತು ಸಣ್ಣ ಭಾಷಣ ಮಾಡಿದೆ. "ಇಂಥಾ ಕಾಮ್ ಕೊಲ್ಹಾಪುರದಾಗೂ ಯಾರೂ ಮಾಡಿಲ್ಲ..."

"ಹಚ್ಚು," ಎಂದಳು ಆಯಿ.

ಹಚ್ಚಿದೆ. ಆಯಿಯ ಬೂದಿ ಬಡಿದ ಮುಖ ಬಂತು. ಒಂದು ಕಣ್ಣು ತೆರೆಯಿತು. ಎಲ್ಲರೂ ಬೆಚ್ಚಿದರು, ಆಯಿಯೂ ಬೆಚ್ಚಿದಳು. ಮರುಕ್ಷಣ ಪರದೆ ಝಗ್ಗೆಂದು, ಕಂಡದ್ದು ನೆಲ! ಓರೆಯಾದ ಗೋಡೆ. ನನ್ನ ಚಪ್ಪಲಿ. ನನ್ನ ದನಿ, ಸ್ಪಷ್ಟವಾಗಿ:

"ಈ ಮುದುಕಿಗೆ ಹೆಣದ ಪಾರ್ಟ್ ಏನೂ ಬರೂದಿಲ್ಲ ನೋಡ. ಗಂಗುಬಾಯಿ ಎಷ್ಟು ಚಲೋ ಮಾಡಿದ್ಲು!"

ಶಾಲನಳ ದನಿ: "ಆಕಿ ಖರೇನ ಸತ್ತಿದ್ಲ್ರಿ."

ನನಗೆ ಆಗ ಹೊಳೆಯಿತು. ಒಂದು ಸಲ ಹೆಚ್ಚು ಒತ್ತಿದ ಗುಂಡಿ! ಅಲ್ಲಿಂದ ಮುಂದೆ ಚಾಲೂ ಎಂದದ್ದು ಬಂದ್, ಬಂದ್ ಎಂದದ್ದು ಚಾಲೂ. ಭಜನೆ ಇಲ್ಲ, ನಾಗೂಬಾಯಿಯ ಅಳು ಇಲ್ಲ, ನೊಣವೂ ಇಲ್ಲ! ಇದ್ದದ್ದು ಗಾಳಿಯಲ್ಲಿ ಹಾರಿದ ಉಳ್ಳಾಗಡ್ಡಿ, ಕುರಿಗಳ ಕಾಲು. ಸ್ವತಂತ್ರ ಸ್ಟುಡಿಯೋ ಮಾಲೀಕನ ಮಾನವೆಲ್ಲ ಸಾವಕಾರರ ಜಮಖಾನೆಯ ಮೇಲೆ ಬಿದ್ದು ಒದ್ದಾಡುತ್ತಿತ್ತು. ಬೋರ್ಡಿನ ಮೊಳೆ ಕೀಳಲು ಇಕ್ಕಳ ಎಲ್ಲಿಟ್ಟಿದ್ದೇನೆಂದು ಯೋಚಿಸತೊಡಗಿದೆ.

ಅಷ್ಟರಲ್ಲಿ ಕುರಿಗಳ ಕಾಲು ಸರಿದು, ಪರದೆ ಅಲ್ಲಾಡದೆ ನಿಂತಿತು. ಕಿಟಕಿಯ ಕಟ್ಟೆಯ ಮೇಲಿಂದ ಕಾಣುವ ಪಡಸಾಲೆ. ನಡುವೆ ಖುರ್ಚಿ. ಖುರ್ಚಿಯಲ್ಲಿ ಯಾರೂ ಇಲ್ಲ. ಹರಿದ ಹಾರ ತೋಳಿಗೆ ಜೋತು ಬಿದ್ದಿತ್ತು. ಬಿಚ್ಚಿದ ಬಟ್ಟೆಯ ಕಟ್ಟು ಮೆಲ್ಲಗೆ ತೂಗುತ್ತಿತ್ತು. ಎಲ್ಲಿಯೋ ದೂರ ಮಂದಿಯ ಮಾತು, ಯಾರ ಮಾತೆಂದು ತಿಳಿಯುವುದಿಲ್ಲ. ಅರ್ಧ ನಿಮಿಷ, ಒಂದು ನಿಮಿಷ, ಅದೇ ಖಾಲಿ ಖುರ್ಚಿ. 

ಬಂದ್ ಮಾಡಲು ಕೈ ಚಾಚಿದೆ. ಆಯಿ ನನ್ನ ಮಣಿಕಟ್ಟು ಹಿಡಿದಳು. ಕೈ ಹಿಮದ ಹಾಗಿತ್ತು.

"ಬಿಡು, ಓಡ್ಲಿ. ನಾ ಹೋದ ಮ್ಯಾಲ ಮನಿ ಹಿಂಗ ಇರತೈತಿ, ಹೌದಿಲ್ಲೋ?"

 ಆಗ ಪರದೆಯೊಳಗೆ ಒಂದು ಸೀರೆಯ ಸೆರಗು ಬಂತು. ಹಾಲವ್ವ. ಆಚೆ ಈಚೆ ನೋಡಿದಳು, ಯಾರೂ ಇಲ್ಲ. ಖುರ್ಚಿಯ ಮೇಲೆ ಬಿದ್ದ ವಿಭೂತಿಯನ್ನು ಸೆರಗಿನಿಂದ ಒರೆಸಿದಳು. ಹಾರ ಸರಿಪಡಿಸಿದಳು. ಆಮೇಲೆ ಅತ್ತೆ ಕೈಯೂರುವ ಜಾಗದಲ್ಲಿ ತನ್ನ ಕೈಯಿಟ್ಟು ನಿಂತೇ ಇದ್ದಳು. ಹೆಗಲು ಅಲುಗತೊಡಗಿತು. ಸೆರಗು ಬಾಯಿಗೆ ಹೋಯಿತು.

"ಹೋಗಬ್ಯಾಡ್ರಿ ಅತ್ತಿ," ಎಂದಳು ಖಾಲಿ ಖುರ್ಚಿಗೆ. "ನೀವು ಹೋದ್ರ ನಾ ಯಾರ ಜೋಡಿ ಬಡದಾಡ್ಲಿ?"

ಅಡುಗೆಮನೆ ಬಾಗಿಲಲ್ಲಿದ್ದ ಹಾಲವ್ವ ಸರ್ರನೆ ಒಳಗೆ ಹೋದಳು. ಒಂದು ಪಾತ್ರೆ ಬಿದ್ದ ಸಪ್ಪಳವಾಯಿತು. ಆಯಿ ಬಹಳ ಹೊತ್ತು ಪರದೆಯನ್ನೇ ನೋಡಿದಳು. ಆಮೇಲೆ ಮನೆ ನಡುಗುವ ಹಾಗೆ ಕೂಗಿದಳು.

"ಹಾಲವ್ವಾ! ಮಜ್ಜಗಿ ತಾ. ಉಪ್ಪು ನಿನ್ನ ಮನಸಿಗೆ ಬಂದಷ್ಟು ಹಾಕು!"

ನನ್ನ ಕಣ್ಣಲ್ಲೂ ನೀರು ಬಂತು. ನೀರಿನ ಹಿಂದೆಯೇ ಸೊಕ್ಕೂ ಬಂತು. ಎದ್ದು ನಿಂತೆ. "ನೋಡ್ರಿ ಆಯಿ, ಇದಕ್ಕ ಕಲಾ ಅಂತಾರ! ನಾ ಬೇಕಂತನ ಕ್ಯಾಮೆರಾ ಅಲ್ಲಿ ಇಟ್ಟು ಹೋಗಿದ್ದೆ..."

"ಸುಮ್ನ ಕುಂಡ್ರು. ನೀ ಬೇಕಂತ ತಗದಿದ್ರ ಇದೂ ಬರ್ತಿದ್ದಿಲ್ಲ."

ಆಯಿ ಮಗನ ಕಡೆ ತಿರುಗಿದಳು. "ಬಸವಣ್ಣೆಪ್ಪಾ, ನಾ ಖರೇ ಹೋದ ದಿವಸಾನೂ ಇಂವನ್ನ ಕರಿ. ಬ್ಯಾರೇದವರು ಬ್ಯಾಡ."

ನನ್ನ ಎದೆ ಉಬ್ಬಿತು. ಶಾಲನಳ ಕಡೆ ಗೆದ್ದವನ ನೋಟ ಬೀರಿದೆ.

"ಆದ್ರ," ಎಂದಳು ಆಯಿ, "ಕ್ಯಾಮೆರಾ ಕಟ್ಟಿ ಮ್ಯಾಲ ಇಡಸು. ಇಂವನ್ನ ಹೊರಗ ಚಹಾ ಕುಡಿಯಾಕ ಕಳಸು."

"ಚಹಾ ನಾ ಕುಡಸ್ತೀನ್ರಿ ಆಯಿ," ಎಂದಳು ನನ್ನ ಹೆಂಡತಿ. "ಅವರು ಕಣ್ಣು ಮುಚ್ಚಿಕೊಂಡ ಕುಡೀತಾರ."